ಯಾರ ಮಕ್ಕಳು ಸೇನಾಧಿಕಾರಿಗಳಾಗಬಹುದು? ಡೆಹ್ರಾಡೂನಿನ ಒಂದು ಶಾಲೆಯ ಚರಿತ್ರೆ

1922ರ ಮಾರ್ಚ್ 10ರ ರಾತ್ರಿ ಸಾಬರಮತಿ ಆಶ್ರಮದಲ್ಲಿ ಗಾಂಧೀಜಿಯವರ ಬಂಧನವಾಯಿತು. ಮಾರ್ಚ್ 18ರಂದು ರಾಜದ್ರೋಹದ ಆರೋಪದ ಮೇಲೆ ಅವರಿಗೆ ಆರು ವರ್ಷಗಳ ಸೆರೆವಾಸ ವಿಧಿಸಲಾಯಿತು. ಈ ಎರಡು ದಿನಗಳ ನಡುವೆ, ಮಾರ್ಚ್ 13ರಂದು, ಬ್ರಿಟಿಷ್ ಯುವರಾಜ ಎಡ್ವರ್ಡ್ ಡೆಹ್ರಾಡೂನಿನ ದಂಡು ಪ್ರದೇಶದಲ್ಲಿ ಒಂದು ವಸತಿ ಶಾಲೆಯನ್ನು ಉದ್ಘಾಟಿಸಿದ. ಅದಕ್ಕೆ ಅವನ ಪದವಿಯ ಹೆಸರನ್ನೇ ಇಟ್ಟಿದ್ದರು: ಪ್ರಿನ್ಸ್ ಆಫ್ ವೇಲ್ಸ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು. ಹೆಸರಿಗೆ ಕಾಲೇಜು, ಒಳಗಿದ್ದವರು ಮೀಸೆ ಮೊಳೆಯದ ಹುಡುಗರು. ಇಂದು ಅದು ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜು. ಸೇನೆಯವರ ಬಾಯಲ್ಲಿ ಆರ್‌ಐಎಂಸಿ.

ಈ ಶಾಲೆಯ ಬಗ್ಗೆ ಬರುವ ಬರಹಗಳಲ್ಲಿ ಹೆಚ್ಚಿನವು ಜನರಲ್‌ಗಳ ಪಟ್ಟಿಯಾಗಿಯೇ ಮುಗಿಯುತ್ತವೆ. ಪಟ್ಟಿ ನಿಜವಾದದ್ದೇ, ಉದ್ದವಾದದ್ದೇ. ಆದರೆ ಆ ಆವರಣದ ಚರಿತ್ರೆಯಲ್ಲಿ ಅದಕ್ಕಿಂತ ಮುಖ್ಯವಾದ ಎಳೆಯೊಂದಿದೆ. ಈ ದೇಶದ ಸೇನೆಯಲ್ಲಿ ಯಾರ ಮಕ್ಕಳು ಅಧಿಕಾರಿಗಳಾಗಬಹುದು ಎಂಬ ಪ್ರಶ್ನೆಗೆ ಸರ್ಕಾರಗಳು ಕಾಲಕಾಲಕ್ಕೆ ಕೊಟ್ಟ ಉತ್ತರಗಳೆಲ್ಲ ಅಲ್ಲಿ ಒಂದರ ಮೇಲೊಂದು ಕುಳಿತಿವೆ. ಆ ಪ್ರಶ್ನೆಯನ್ನು ಹಿಡಿದು ಹೊರಟರೆ ಸೈನಿಕ ಶಾಲೆ, ಮಿಲಿಟರಿ ಶಾಲೆ, ಮಿಲಿಟರಿ ಕಾಲೇಜು ಎಂದು ಇಂದಿಗೂ ಪೋಷಕರನ್ನು ಕಾಡುವ ಗೊಂದಲವೂ ತಿಳಿಯಾಗುತ್ತದೆ.

ಮೊದಲು ಆ ಕಾಲದ ಸೇನೆಯ ಒಳಗಟ್ಟನ್ನು ನೋಡೋಣ. ಬ್ರಿಟಿಷ್ ಇಂಡಿಯಾದ ಸೇನೆಯಲ್ಲಿ ಅಧಿಕಾರಿಗಳು ಎರಡು ಬಗೆ. ಇಂಗ್ಲೆಂಡಿನ ದೊರೆಯ ಹೆಸರಿನಲ್ಲಿ ನೇಮಕವಾದವರು ಕಿಂಗ್ಸ್ ಕಮಿಷನ್ ಪಡೆದವರು. ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರ್ ಇತ್ಯಾದಿ ಹುದ್ದೆಗಳೆಲ್ಲ ಅವರವು. ವೈಸರಾಯ್ ಹೆಸರಿನಲ್ಲಿ ನೇಮಕವಾದವರು ಜಮಾದಾರ್, ಸುಬೇದಾರ್, ಸುಬೇದಾರ್ ಮೇಜರ್‌ಗಳು, ಅಶ್ವದಳದಲ್ಲಾದರೆ ರಿಸಾಲ್ದಾರ್‌ಗಳು. ಮೊದಲ ಬಗೆ ಬಿಳಿಯರಿಗೆ, ಎರಡನೆಯದು ಭಾರತೀಯರಿಗೆ. ಸಿಪಾಯಿಯಾಗಿ ಸೇರಿ, ಗಡಿಯ ಕಾಳಗಗಳಲ್ಲಿ ಪದಕ ಗೆದ್ದು, ಇಪ್ಪತ್ತೈದು ವರ್ಷ ಸವೆಸಿ ಸುಬೇದಾರ್ ಮೇಜರ್ ಆದವನು ನಿನ್ನೆ ಮೊನ್ನೆ ಇಂಗ್ಲೆಂಡಿನ ಸೇನಾಧಿಕಾರಿಗಳ ತರಬೇತಿ ಶಾಲೆಯಾದ ಸ್ಯಾಂಡ್‌ಹರ್ಸ್ಟ್‌ನಿಂದ ಬಂದಿಳಿದ ಇಪ್ಪತ್ತರ ಹರೆಯದ ಲೆಫ್ಟಿನೆಂಟ್‌ಗೆ ಸಲಾಮು ಹೊಡೆದು ಅವನ ಆಜ್ಞೆಗೆ ಕಾಯಬೇಕಿತ್ತು. ಆ ಹುಡುಗನಿಗೆ ಯುದ್ಧ ಕಲಿಸುವವನೂ ಇವನೇ. ಈ ಗೆರೆಯನ್ನು ದಾಟಲು ಭಾರತೀಯನಿಗೆ ದಾರಿ ಇರಲಿಲ್ಲ. ಸಾಮ್ರಾಜ್ಯದ ಭದ್ರತೆ ಈ ಗೆರೆಯ ಮೇಲೆ ನಿಂತಿದೆ ಎಂದೇ ಆಳುವವರು ನಂಬಿದ್ದರು.

ರಾಜಕುಮಾರರ ಬಿಡಾರ

ಶಾಲೆಯ ಆವರಣಕ್ಕೆ ಶಾಲೆಗಿಂತ ಹೆಚ್ಚಿನ ವಯಸ್ಸು. ಡೆಹ್ರಾಡೂನಿನ ಗಢಿ ಕಂಟೋನ್ಮೆಂಟಿನ ಈ ಜಾಗವನ್ನು ಮೊದಲು ರಜವಾಡಾ ಕ್ಯಾಂಪ್ ಎನ್ನುತ್ತಿದ್ದರು. ವೈಸರಾಯ್ ಲಾರ್ಡ್ ಕರ್ಜನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಪೀರಿಯಲ್ ಕೆಡೆಟ್ ಕೋರ್ ಎಂಬ ಪಡೆಯೊಂದನ್ನು ಕಟ್ಟಿದ. ಸಂಸ್ಥಾನಗಳ ರಾಜಕುಮಾರರು ಮತ್ತು ದೊಡ್ಡ ಜಮೀನ್ದಾರರ ಮಕ್ಕಳಿಗೆ ಮಾತ್ರ ಅದರಲ್ಲಿ ಜಾಗ. 1903ರ ದೆಹಲಿ ದರ್ಬಾರಿನಲ್ಲಿ ಕುದುರೆಯೇರಿ ಮೆರವಣಿಗೆ ಹೊರಟ ಈ ಕುಮಾರರು ನೋಡಲು ಬಲು ಚೆಂದವಿದ್ದರಂತೆ. ಆದರೆ ತರಬೇತಿ ಮುಗಿಸಿದ ಮೇಲೆ ಅವರಿಗೆ ಸಿಕ್ಕಿದ್ದು ಕಿಂಗ್ಸ್ ಕಮಿಷನ್ ಅಲ್ಲ. ಅವರಿಗೆಂದೇ ಬೇರೊಂದು ಕಮಿಷನ್ ಹುಟ್ಟಿಸಿದರು. ಅದರ ಅಧಿಕಾರ ಭಾರತೀಯ ಸೈನಿಕರ ಮೇಲೆ ಮಾತ್ರ. ಅದನ್ನಾದರೂ ಪಡೆದವರು ಬೆರಳೆಣಿಕೆಯಷ್ಟು ಜನ. ರಾಜನ ಮಗನಾದರೂ ಬಿಳಿಯ ಸೈನಿಕನಿಗೆ ಆಜ್ಞೆ ಕೊಡಕೂಡದು ಎಂಬುದು ಕರ್ಜನ್ ಕಾಲದ ಉತ್ತರ. ಹೆಚ್ಚು ಕಾಲ ಅದು ಬಾಳಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಆ ಪಡೆಯೂ ಮುಚ್ಚಿಹೋಯಿತು.

ಆ ಯುದ್ಧವೇ ಲೆಕ್ಕವನ್ನು ತಿರುಗಿಸಿತು. ಭಾರತದಿಂದ ಸಮುದ್ರ ದಾಟಿ ಹೋದವರು ಹತ್ತು ಲಕ್ಷಕ್ಕೂ ಹೆಚ್ಚು. ಫ್ರಾನ್ಸಿನ ಕಂದಕಗಳಲ್ಲಿ, ಮೆಸೊಪೊಟೇಮಿಯಾದ ಮರಳಿನಲ್ಲಿ ಇಷ್ಟು ಜನ ಹೋರಾಡಿದ ಮೇಲೂ ಒಬ್ಬ ಭಾರತೀಯನೂ ಪೂರ್ಣಾಧಿಕಾರದ ಲೆಫ್ಟಿನೆಂಟ್ ಆಗಲಾರ ಎಂದು ಹೇಳುವುದು ಕಷ್ಟವಾಯಿತು. 1917ರ ಆಗಸ್ಟ್‌ನಲ್ಲಿ, ಕರ್ಜನ್‌ನ ಹಳೆಯ ಪಡೆಯಲ್ಲಿ ತರಬೇತಾದ ಒಂಬತ್ತು ಮಂದಿಗೆ ಕಿಂಗ್ಸ್ ಕಮಿಷನ್ ಘೋಷಣೆಯಾಯಿತು. 1918ರಲ್ಲಿ ಸ್ಯಾಂಡ್‌ಹರ್ಸ್ಟ್‌ನಲ್ಲಿ ಭಾರತೀಯರಿಗೆ ವರ್ಷಕ್ಕೆ ಹತ್ತು ಸ್ಥಾನಗಳನ್ನು ತೆರೆದರು. ಜೊತೆಗೆ ಇಂದೋರಿನ ಡಾಲಿ ಕಾಲೇಜಿನಲ್ಲಿ ತಾತ್ಕಾಲಿಕವಾದ ಒಂದು ತರಬೇತಿ ಶಾಲೆ ನಡೆಯಿತು. ಅಲ್ಲಿಂದ 1919ರ ಡಿಸೆಂಬರ್‌ನಲ್ಲಿ ಅಧಿಕಾರಿಯಾಗಿ ಹೊರಬಂದವರಲ್ಲಿ ಕೊಡಗಿನ ಕೆ.ಎಂ. ಕಾರ್ಯಪ್ಪ ಒಬ್ಬರು. ಮುಂದೆ 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಅವರೇ.

ಸ್ಯಾಂಡ್‌ಹರ್ಸ್ಟ್‌ನ ಹತ್ತು ಸ್ಥಾನಗಳು ಕಾಗದದ ಮೇಲೆ ಚೆನ್ನಾಗಿದ್ದವು. ವಾಸ್ತವದಲ್ಲಿ ಕೆಲವು ವರ್ಷ ಅವೂ ತುಂಬುತ್ತಿರಲಿಲ್ಲ, ಹೋದವರಲ್ಲಿ ನಪಾಸಾಗಿ ಹಿಂದಿರುಗುವವರ ಪ್ರಮಾಣವೂ ಬಿಳಿಯ ಹುಡುಗರಿಗಿಂತ ಬಹಳ ಹೆಚ್ಚು. ಹದಿನೆಂಟರ ಹುಡುಗ ಮೊದಲ ಬಾರಿ ಹಡಗು ಹತ್ತಿ, ಗೊತ್ತಿಲ್ಲದ ಚಳಿ, ಗೊತ್ತಿಲ್ಲದ ಊಟ, ತಾನೊಬ್ಬನೇ ಕಂದುಬಣ್ಣದವನಾಗಿ ನಿಲ್ಲಬೇಕಾದ ಕವಾಯತು ಮೈದಾನ, ಇಂಗ್ಲಿಷಿನಲ್ಲೇ ನಡೆಯುವ ಪಾಠ, ಎಲ್ಲವನ್ನೂ ಒಂದೇ ಏಟಿಗೆ ಎದುರಿಸಬೇಕಿತ್ತು. ಅಲ್ಲಿನ ಬಿಳಿಯ ಹುಡುಗರು ಹನ್ನೆರಡರ ವಯಸ್ಸಿನಿಂದಲೇ ಇಂಗ್ಲೆಂಡಿನ ಪಬ್ಲಿಕ್ ಶಾಲೆಗಳೆಂಬ ಸಿರಿವಂತರ ಖಾಸಗಿ ವಸತಿ ಶಾಲೆಗಳಲ್ಲಿ ಅಂಥದೇ ಬದುಕು ಬದುಕಿ ಬಂದವರು. ಹಾಗಾದರೆ ಭಾರತೀಯ ಹುಡುಗರಿಗೂ ಹನ್ನೆರಡರಿಂದಲೇ ಅದೇ ಬದುಕನ್ನು ರೂಢಿ ಮಾಡಿಸಿದರೆ? ರಜವಾಡಾ ಕ್ಯಾಂಪಿನ ಖಾಲಿ ಕಟ್ಟಡಗಳು ಕಾಯುತ್ತಲೇ ಇದ್ದವು. ಹೀಗೆ ಹುಟ್ಟಿತು 1922ರ ಶಾಲೆ. ಅಲ್ಲಿ ಕಲಿಸಿದ್ದು ಯುದ್ಧವಿದ್ಯೆಗಿಂತ ಹೆಚ್ಚಾಗಿ ಇಂಗ್ಲಿಷ್ ಪಬ್ಲಿಕ್ ಶಾಲೆಯ ಬಾಳುವೆ: ಇಂಗ್ಲಿಷ್ ಮಾತು, ಕ್ರಿಕೆಟ್ಟು, ಹಾಕಿ, ಮೇಜಿನ ಮೇಲೆ ಚಾಕು ಚಮಚದ ಶಿಸ್ತು.

ಅಲ್ಲಿಗೆ ಯಾರ ಮಗ ಬರಬಹುದಿತ್ತು? ರಾಜಕುಮಾರನೇ ಆಗಬೇಕೆಂಬ ಷರತ್ತು ಹೋಯಿತು. ಬದಲಿಗೆ ಬಂದದ್ದು ‘ಒಳ್ಳೆಯ ಮನೆತನ’. ಭೂಮಾಲೀಕರು, ಸರ್ಕಾರದ ದೊಡ್ಡ ನೌಕರರು, ಸೇನೆಗೆ ನಿಷ್ಠೆ ತೋರಿದ ಕುಟುಂಬಗಳು. ಹುಡುಗನ ಅಂಕಕ್ಕಿಂತ ತಂದೆಯ ಪರಿಚಯ ಪತ್ರಕ್ಕೆ ಬೆಲೆ ಹೆಚ್ಚು. ಶುಲ್ಕ ಕಟ್ಟಿ, ಆಮೇಲೆ ಇಂಗ್ಲೆಂಡಿಗೂ ಕಳಿಸಬಲ್ಲ ಶಕ್ತಿ ಬೇಕು. ಅಂದರೆ ಬಾಗಿಲು ಒಂದಿಷ್ಟು ಅಗಲವಾಯಿತು, ಕಾವಲುಗಾರ ಮಾತ್ರ ಅಲ್ಲೇ ನಿಂತಿದ್ದ.

ನನ್ನ ದೃಷ್ಟಿಯಲ್ಲಿ ಈ ಶಾಲೆ ಆರಂಭದಲ್ಲಿ ಕೊಡುಗೆಯಷ್ಟೇ ಕಾಲಹರಣದ ಉಪಾಯವೂ ಆಗಿತ್ತು. 1921ರ ಮಾರ್ಚ್‌ನಲ್ಲೇ ಪಿ.ಎಸ್. ಶಿವಸ್ವಾಮಿ ಅಯ್ಯರ್ ಕೇಂದ್ರ ಶಾಸನಸಭೆಯಲ್ಲಿ, ವರ್ಷವರ್ಷದ ಕಿಂಗ್ಸ್ ಕಮಿಷನ್‌ಗಳಲ್ಲಿ ಕನಿಷ್ಠ ಶೇ 25ರಷ್ಟು ಭಾರತೀಯರಿಗೆ ಮೀಸಲಿಡಬೇಕೆಂಬ ನಿರ್ಣಯ ಮಂಡಿಸಿದ್ದರು. ಭಾರತದ ನೆಲದಲ್ಲೇ ಒಂದು ಸ್ಯಾಂಡ್‌ಹರ್ಸ್ಟ್ ಬೇಕೆಂಬ ಕೂಗೂ ಎದ್ದಿತ್ತು. ಸರ್ಕಾರ ಕೊಟ್ಟದ್ದು ಸ್ಯಾಂಡ್‌ಹರ್ಸ್ಟ್ ಅಲ್ಲ, ಅಲ್ಲಿಗೆ ತಯಾರಿ ಮಾಡುವ ಮಕ್ಕಳ ಶಾಲೆ. ಮರುವರ್ಷ, 1923ರಲ್ಲಿ, ಎಂಟು ತುಕಡಿಗಳ ಯೋಜನೆ ಬಂತು: ಭಾರತೀಯ ಅಧಿಕಾರಿಗಳು ಗೊತ್ತುಮಾಡಿದ ಎಂಟು ಪಡೆಗಳಲ್ಲಿ ಮಾತ್ರ ಕೆಲಸ ಮಾಡಬೇಕು. ಬಿಳಿಯ ಅಧಿಕಾರಿಯೊಬ್ಬ ಕರಿಯ ಮೇಲಧಿಕಾರಿಯ ಕೆಳಗೆ ದುಡಿಯುವ ಪ್ರಸಂಗ ಬಾರದಿರಲಿ ಎಂಬುದೇ ಅದರ ಒಳಮರ್ಮ. ಈ ಬೇಡಿಕೆಯನ್ನು ಪರಿಶೀಲಿಸಲು ಮೋತಿಲಾಲ್ ನೆಹರೂ, ಜಿನ್ನಾ ಮೊದಲಾದವರಿದ್ದ ಸ್ಕೀನ್ ಸಮಿತಿ ಕುಳಿತು, 1927ರಲ್ಲಿ ಅದರ ವರದಿ ಪ್ರಕಟವಾಗಿ, ಕೊನೆಗೂ 1932ರ ಅಕ್ಟೋಬರ್‌ನಲ್ಲಿ ಇಂಡಿಯನ್ ಮಿಲಿಟರಿ ಅಕಾಡೆಮಿ ತೆರೆಯಿತು. ಅದೂ ಡೆಹ್ರಾಡೂನಿನಲ್ಲೇ. ಅಲ್ಲಿಗೆ ಆರ್‌ಐಎಂಸಿಯ ಹುಡುಗರಿಗೆ ಇಂಗ್ಲೆಂಡಿನ ಹಡಗು ತಪ್ಪಿತು.

ಮಡಿಕೇರಿಯ ಕೆ.ಎಸ್. ತಿಮ್ಮಯ್ಯ ಹಡಗು ಹತ್ತಿದ ತಲೆಮಾರಿಗೆ ಸೇರಿದವರು. ಕೂನೂರಿನಲ್ಲೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ ಓದಿ, ಡೆಹ್ರಾಡೂನಿನ ಈ ಶಾಲೆ ಸೇರಿ, ಸ್ಯಾಂಡ್‌ಹರ್ಸ್ಟ್ ಮುಗಿಸಿ 1926ರಲ್ಲಿ ಅಧಿಕಾರಿಯಾದರು. ಕಾಫಿ ತೋಟದ ಅನುಕೂಲಸ್ಥ ಮನೆತನ, ಇಂಗ್ಲಿಷ್ ಶಾಲೆಗಳ ಅಭ್ಯಾಸ. ಶಾಲೆ ಹುಡುಕುತ್ತಿದ್ದದ್ದು ಇಂಥ ಹುಡುಗರನ್ನೇ. ಆದರೆ ಆ ಮೂಸೆಯಿಂದ ಬಂದದ್ದು ನಿಷ್ಠ ಪ್ರಜೆ ಮಾತ್ರವಲ್ಲ. ಅವರು ಎರಡನೇ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಬ್ರಿಗೇಡ್ ನಡೆಸಿದರು, ಸ್ವತಂತ್ರ ಭಾರತಕ್ಕಾಗಿ 1948ರಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದರು, ಕೊರಿಯಾ ಯುದ್ಧಕೈದಿಗಳ ವಿಷಯದಲ್ಲಿ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾದರು, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು.

ಸುಬೇದಾರನ ಮಗನಿಗೆ ಬೇರೆ ಶಾಲೆ

ಇಲ್ಲಿಗೆ ಮರೆತುಹೋದ ಒಬ್ಬನಿದ್ದಾನೆ. ಇಪ್ಪತ್ತೈದು ವರ್ಷ ಸೇವೆ ಮಾಡಿದ ಆ ಸುಬೇದಾರ್ ಮೇಜರ್. ಅವನ ಮಗನಿಗೆ ಡೆಹ್ರಾಡೂನಿನಲ್ಲಿ ಜಾಗ ಸಿಗುವುದು ಅಪರೂಪ. ಅವನ ಪಾಲಿಗೆ ಅದೇ ಯುವರಾಜ ಅದೇ ಪ್ರವಾಸದಲ್ಲಿ ಬೇರೆ ಶಾಲೆಗಳಿಗೆ ಅಡಿಗಲ್ಲು ಹಾಕಿದ. ಝೇಲಂ ಮತ್ತು ಜಲಂಧರಿನಲ್ಲಿ ಕಿಂಗ್ ಜಾರ್ಜ್ ಹೆಸರಿನ ಮಿಲಿಟರಿ ಶಾಲೆಗಳು 1925ರಲ್ಲಿ ಶುರುವಾದವು. ಅಜ್ಮೀರಿನದು 1930ರಲ್ಲಿ. ಯುದ್ಧದ ಕೊನೆಗೆ ದಕ್ಷಿಣಕ್ಕೂ ಬಂದವು: 1945ರಲ್ಲಿ ಬೆಳಗಾವಿ, 1946ರಲ್ಲಿ ಬೆಂಗಳೂರು. ಇವು ಸಿಪಾಯಿಗಳ ಮತ್ತು ಸುಬೇದಾರರ ಮಕ್ಕಳಿಗೆ ಕಡಿಮೆ ಖರ್ಚಿನಲ್ಲಿ ಓದು ಕೊಟ್ಟು, ತಂದೆಯ ಪಲ್ಟನ್ನಿಗೇ ಒಳ್ಳೆಯ ಆಳುಗಳಾಗಿ ಮರಳಿ ಕಳಿಸುವ ಶಾಲೆಗಳು. ಒಂದೇ ಸೇನೆ, ಎರಡು ಏಣಿ. ಒಂದರ ತುದಿ ಅಧಿಕಾರಿಗಳ ಮೆಸ್ಸಿಗೆ ತಲುಪುತ್ತಿತ್ತು, ಇನ್ನೊಂದರದು ಹೆಚ್ಚೆಂದರೆ ಸುಬೇದಾರನ ಗುಡಾರಕ್ಕೆ.

ಸ್ವಾತಂತ್ರ್ಯಾನಂತರ ಈ ಎರಡನೆಯ ಏಣಿಗೆ ಆದದ್ದೇ ದೊಡ್ಡ ಬದಲಾವಣೆ ಎಂದು ನನಗೆ ಅನಿಸುತ್ತದೆ. ಝೇಲಂ ಶಾಲೆ ಪಾಕಿಸ್ತಾನಕ್ಕೆ ಹೋಯಿತು. ಜಲಂಧರಿನದು 1952ರಲ್ಲಿ ಮಧ್ಯಭಾರತದ ನೌಗಾಂವ್‌ಗೂ 1960ರಲ್ಲಿ ಹಿಮಾಚಲದ ಚೈಲ್‌ಗೂ ಗಂಟುಮೂಟೆ ಕಟ್ಟಿತು. 1952ರಿಂದ ಈ ಶಾಲೆಗಳನ್ನು ಪಬ್ಲಿಕ್ ಶಾಲೆಗಳ ಮಾದರಿಗೆ ತಂದು, ಅಧಿಕಾರಿಗಳ ಮತ್ತು ನಾಗರಿಕರ ಮಕ್ಕಳಿಗೂ ತೆರೆದರು. 1962ರಲ್ಲಿ ಧೋಲ್‌ಪುರದ ಶಾಲೆ ಸೇರಿತು. 2007ರಿಂದ ಇವುಗಳ ಹೆಸರು ರಾಷ್ಟ್ರೀಯ ಮಿಲಿಟರಿ ಶಾಲೆ. ಈಗಲೂ ಹೆಚ್ಚಿನ ಸೀಟುಗಳು ಜವಾನರ ಮತ್ತು ಜೆಸಿಒಗಳ (ಸುಬೇದಾರ್ ಮಟ್ಟದವರ) ಮಕ್ಕಳಿಗೇ ಮೀಸಲು. ವ್ಯತ್ಯಾಸ ಇಷ್ಟೇ: ಆ ಮಗು ಈಗ ನೇರವಾಗಿ ಅಧಿಕಾರಿಯ ಪರೀಕ್ಷೆಗೆ ಕೂರುತ್ತದೆ.

ಒಡೆದ ಮನೆ

1947ರಲ್ಲಿ ಡೆಹ್ರಾಡೂನಿನ ಶಾಲೆಯ ಹಳೆಯ ವಿದ್ಯಾರ್ಥಿಗಳು ಎರಡು ದೇಶಗಳ ಸೇನೆಗಳಲ್ಲಿ ಹಂಚಿಹೋದರು. ಇದನ್ನು ಕಣ್ಣೀರಿನ ಕಥೆ ಮಾಡುವುದು ಸುಲಭ; ನನಗೆ ಹೆಸರುಗಳೇ ಸಾಕು. ಪಾಕಿಸ್ತಾನ ವಾಯುಪಡೆಯ ಮೊದಲ ಪಾಕಿಸ್ತಾನಿ ಮುಖ್ಯಸ್ಥ ಅಸ್ಗರ್ ಖಾನ್ ಇಲ್ಲಿ ಓದಿದವರು. 1965ರ ಯುದ್ಧದಲ್ಲಿ ಆ ವಾಯುಪಡೆಯನ್ನು ನಡೆಸಿದ ನೂರ್ ಖಾನ್ ಕೂಡ ಇಲ್ಲಿಯವರೇ. ಪಾಕಿಸ್ತಾನ ಭೂಸೇನೆಯ ಕೊನೆಯ ಕಮಾಂಡರ್ ಇನ್ ಚೀಫ್ ಗುಲ್ ಹಸನ್ ಖಾನ್, ಮುಂದೆ ವಿದೇಶಾಂಗ ಸಚಿವರಾದ ಸಾಹಿಬ್‌ಜಾದಾ ಯಾಕೂಬ್ ಖಾನ್ ಅದೇ ಬೆಂಚುಗಳ ಹುಡುಗರು. ಈ ಕಡೆ, 1947ರ ನವೆಂಬರ್ 3ರಂದು ಶ್ರೀನಗರದ ವಿಮಾನ ನಿಲ್ದಾಣದ ಬಳಿಯ ಬಡ್ಗಾಮಿನಲ್ಲಿ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡೇ ತುಕಡಿ ನಡೆಸಿ ಮಡಿದ ಮೇಜರ್ ಸೋಮನಾಥ ಶರ್ಮ. ದೇಶದ ಮೊದಲ ಪರಮವೀರ ಚಕ್ರ ಅವರದು. ಅದಕ್ಕೂ ಮೊದಲು, 1941ರಲ್ಲಿ, ಅಬಿಸೀನಿಯಾದಲ್ಲಿ (ಇಂದಿನ ಇಥಿಯೋಪಿಯಾ) ನಾಲ್ಕು ದಿನ ಎಡೆಬಿಡದೆ ನೆಲಬಾಂಬುಗಳನ್ನು ತೆಗೆದು ವಿಕ್ಟೋರಿಯಾ ಕ್ರಾಸ್ ಪಡೆದ ಪ್ರೇಮೀಂದ್ರ ಸಿಂಗ್ ಭಗತ್ ಕೂಡ ಈ ಶಾಲೆಯವರೇ.

ಭಾರತದ ಭೂಸೇನೆಗೆ ತಿಮ್ಮಯ್ಯನವರ ನಂತರ ಈ ಶಾಲೆಯಿಂದ ಬಂದ ಮುಖ್ಯಸ್ಥರು ಜಿ.ಜಿ. ಬೇವೂರ, ವಿ.ಎನ್. ಶರ್ಮ, ಎಸ್. ಪದ್ಮನಾಭನ್. ವಾಯುಪಡೆಗೆ ಎನ್.ಸಿ. ಸೂರಿ, ಬಿ.ಎಸ್. ಧನೋವಾ. (ಬೇವೂರ ಎಂದೊಡನೆ ಬಾಗಲಕೋಟೆ ಕಡೆಯ ಓದುಗರ ಕಿವಿ ನೆಟ್ಟಗಾಗುವುದು ಸಹಜ.)

ಸ್ವಾತಂತ್ರ್ಯ ಬಂದ ಮೇಲೆ ಶಾಲೆಯ ಹೆಸರಿನಿಂದ ಯುವರಾಜ ಇಳಿದ, ‘ರಾಯಲ್’ ಹೋಗಿ ‘ರಾಷ್ಟ್ರೀಯ’ ಬಂತು. ಹುಡುಗರನ್ನು ಹಂಚುವ ವಿಭಾಗಗಳು ಇಂದು ಚಂದ್ರಗುಪ್ತ, ಪ್ರತಾಪ್, ರಣಜಿತ್, ಶಿವಾಜಿ. ಹೆಸರಿಗಿಂತ ಮುಖ್ಯವಾದದ್ದು ಶಾಲೆಯ ಮುಂದಿನ ನಿಲ್ದಾಣ ಬದಲಾದದ್ದು. ಮೂರೂ ಪಡೆಗಳ ಕೆಡೆಟ್‌ಗಳನ್ನು ಒಟ್ಟಿಗೆ ತರಬೇತು ಮಾಡುವ ಸಂಸ್ಥೆ 1949ರ ಜನವರಿಯಲ್ಲಿ ಡೆಹ್ರಾಡೂನಿನಲ್ಲೇ ಆರಂಭವಾಗಿ, 1955ರ ಹೊತ್ತಿಗೆ ಪುಣೆ ಬಳಿಯ ಖಡಕ್‌ವಾಸ್ಲಾಕ್ಕೆ ನೆಲೆ ಬದಲಿಸಿತು. ಅದೇ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ, ಎನ್‌ಡಿಎ. ಅಂದಿನಿಂದ ಆರ್‌ಐಎಂಸಿಯ ಕೆಲಸ ಎನ್‌ಡಿಎಗೆ ಹುಡುಗರನ್ನು ಸಿದ್ಧಗೊಳಿಸುವುದು. ಮನೆತನದ ಪರಿಚಯ ಪತ್ರದ ಜಾಗಕ್ಕೆ ರಾಜ್ಯವಾರು ಸೀಟು ಮತ್ತು ಲಿಖಿತ ಪರೀಕ್ಷೆ ಬಂದವು.

ಈ ಪ್ರವೇಶದ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಶಾಲೆಯ ಗಾತ್ರ ಅರ್ಥವಾಗುವುದು ಅಲ್ಲೇ. ಸೇರ್ಪಡೆ ಎಂಟನೇ ತರಗತಿಗೆ ಮಾತ್ರ. ವಯಸ್ಸು ಹನ್ನೊಂದೂವರೆಯಿಂದ ಹದಿಮೂರರೊಳಗೆ. ವರ್ಷಕ್ಕೆ ಎರಡು ಬಾರಿ ಹೊಸ ಮಕ್ಕಳು ಬರುತ್ತಾರೆ. ಅದಕ್ಕಾಗಿ ಜೂನ್ ಮತ್ತು ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರಗಳ ಮೂಲಕ ಪರೀಕ್ಷೆ. ಗಣಿತಕ್ಕೆ 200 ಅಂಕ, ಇಂಗ್ಲಿಷಿಗೆ 125, ಸಾಮಾನ್ಯ ಜ್ಞಾನಕ್ಕೆ 75, ಸಂದರ್ಶನಕ್ಕೆ 50, ಆಮೇಲೆ ವೈದ್ಯಕೀಯ ತಪಾಸಣೆ. ಒಂದೊಂದು ಬಾರಿಗೆ ಸುಮಾರು 25 ಹುಡುಗರು. ಎಂಟರಿಂದ ಹನ್ನೆರಡರವರೆಗೆ ಐದು ವರ್ಷ, ಅಂದರೆ ಹತ್ತು ಅರ್ಧವರ್ಷಗಳು. ಹತ್ತು ಸಲ 25, ಒಟ್ಟು 250 ಹುಡುಗರು. ಬಹುಕಾಲ ಶಾಲೆಯ ಒಟ್ಟು ಬಲ ಇಷ್ಟೇ, ಆವರಣ ಮಾತ್ರ 138 ಎಕರೆ. ನಮ್ಮ ತಾಲ್ಲೂಕು ಕೇಂದ್ರದ ಒಂದು ಪ್ರೌಢಶಾಲೆಯಲ್ಲಿ ಇದಕ್ಕಿಂತ ಹೆಚ್ಚು ಮಕ್ಕಳಿರುತ್ತಾರೆ. ಈ ಸೀಟುಗಳನ್ನು ರಾಜ್ಯಗಳ ಜನಸಂಖ್ಯೆಗೆ ತಕ್ಕಂತೆ ಹಂಚಿದಾಗ ಹೆಚ್ಚಿನ ರಾಜ್ಯಗಳಿಗೆ ಒಂದು ಬಾರಿಗೆ ದಕ್ಕುವುದು ಒಂದೋ ಎರಡೋ. ಮನೆತನದ ಗೋಡೆ ಬಿದ್ದದ್ದು ನಿಜ. ಆದರೆ ಇಷ್ಟು ಇಕ್ಕಟ್ಟಿನ ಪರೀಕ್ಷೆಯಲ್ಲಿ ಇಂಗ್ಲಿಷ್ ಮಾಧ್ಯಮ, ಕೋಚಿಂಗ್ ಇವುಗಳ ಬಲವಿಲ್ಲದ ಮಗು ಎಷ್ಟರ ಮಟ್ಟಿಗೆ ಗೆಲ್ಲಬಲ್ಲದು ಎಂಬುದು ಬೇರೆಯೇ ಮಾತು.

ಅದಕ್ಕೇ ಸೈನಿಕ ಶಾಲೆಗಳು ಬಂದದ್ದು. ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗ, 1961ರಲ್ಲಿ, ಮಹಾರಾಷ್ಟ್ರದ ಸಾತಾರಾದಲ್ಲಿ ಮೊದಲನೆಯದು ತೆರೆಯಿತು. ಡೆಹ್ರಾಡೂನಿನಂಥ ಒಂದೆರಡು ಶಾಲೆಗಳಿಂದ ಬರುವ ಅಧಿಕಾರಿಗಳು ಕೆಲವೇ ಪ್ರದೇಶಗಳ, ಕೆಲವೇ ವರ್ಗಗಳವರಾಗುತ್ತಾರೆ, ರಾಜ್ಯಕ್ಕೊಂದರಂತೆ ಶಾಲೆ ಬೇಕು ಎಂಬ ಯೋಚನೆ ಅದರ ಹಿಂದಿತ್ತು. ಜಾಗ ಮತ್ತು ಕಟ್ಟಡ ರಾಜ್ಯ ಸರ್ಕಾರದ್ದು, ಆಡಳಿತ ರಕ್ಷಣಾ ಸಚಿವಾಲಯದಡಿಯ ಸೈನಿಕ ಶಾಲೆಗಳ ಸೊಸೈಟಿಯದು. ವಿಜಯಪುರದ ಶಾಲೆ 1963ರಲ್ಲಿ ಬಂತು. ಅಲ್ಲಿನ ವಿದ್ಯಾರ್ಥಿ ನಿಲಯಗಳ ಹೆಸರು ಆದಿಲ್‌ಶಾಹಿ, ಚಾಲುಕ್ಯ, ಹೊಯ್ಸಳ, ರಾಷ್ಟ್ರಕೂಟ, ವಿಜಯನಗರ, ಒಡೆಯರ್. ಕರ್ನಾಟಕದ ಚರಿತ್ರೆಯ ಪುಸ್ತಕವೊಂದರ ಪರಿವಿಡಿಯಂತಿದೆ. ಎರಡನೆಯದು 2007ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಆರಂಭವಾಯಿತು.

ಹಾಗಾಗಿ ಪೋಷಕರ ಗೊಂದಲಕ್ಕೆ ಉತ್ತರ ಹೀಗೆ. ಆರ್‌ಐಎಂಸಿ ಒಂದೇ, ಡೆಹ್ರಾಡೂನಿನಲ್ಲಿ, ಎಂಟನೇ ತರಗತಿಗೆ, ಸೇನೆಯೇ ನಡೆಸುವಂಥದು. ರಾಷ್ಟ್ರೀಯ ಮಿಲಿಟರಿ ಶಾಲೆಗಳು ಐದು. ಬೆಳಗಾವಿ ಮತ್ತು ಬೆಂಗಳೂರಿನವು ಅವುಗಳಲ್ಲಿ ಸೇರಿವೆ, ಪ್ರವೇಶ ಆರು ಮತ್ತು ಒಂಬತ್ತನೇ ತರಗತಿಗೆ, ಜವಾನರ ಮಕ್ಕಳಿಗೆ ಆದ್ಯತೆ. ಸೈನಿಕ ಶಾಲೆಗಳಿಗೂ ಆರು ಮತ್ತು ಒಂಬತ್ತಕ್ಕೇ ಸೇರ್ಪಡೆ, ಅಖಿಲ ಭಾರತ ಮಟ್ಟದ ಪರೀಕ್ಷೆಯ ಮೂಲಕ, ತವರು ರಾಜ್ಯದ ಮಕ್ಕಳಿಗೆ ಹೆಚ್ಚಿನ ಪಾಲು. ಇವುಗಳಲ್ಲಿ ಯಾವುದನ್ನು ಸೇರಿದರೂ ಅಧಿಕಾರಿಯ ಹುದ್ದೆ ತಾನಾಗಿ ಬರುವುದಿಲ್ಲ, ಎನ್‌ಡಿಎ ಪರೀಕ್ಷೆಯನ್ನು ಎಲ್ಲರಂತೆ ಬರೆಯಲೇಬೇಕು.

ಇಷ್ಟೆಲ್ಲ ಬದಲಾದರೂ ‘ಯಾರ ಮಗ’ ಎಂಬ ಪ್ರಶ್ನೆಯ ‘ಮಗ’ ಮಾತ್ರ ಹಾಗೇ ಉಳಿದಿದ್ದ. ಸೈನಿಕ ಶಾಲೆಗಳ ಪೈಕಿ ಮಿಜೋರಾಂನ ಛಿಂಗ್‌ಛಿಪ್ ಶಾಲೆ 2018ರಲ್ಲಿ ಪ್ರಯೋಗಾರ್ಥವಾಗಿ ಹುಡುಗಿಯರನ್ನು ಸೇರಿಸಿಕೊಂಡಿತು. ಡೆಹ್ರಾಡೂನಿನಲ್ಲಿ ಅದಕ್ಕೆ ಸುಪ್ರೀಂ ಕೋರ್ಟೇ ಬರಬೇಕಾಯಿತು. 2021ರ ಆಗಸ್ಟ್‌ನಲ್ಲಿ ನ್ಯಾಯಾಲಯ ಎನ್‌ಡಿಎ ಪರೀಕ್ಷೆಗೆ ಯುವತಿಯರೂ ಕೂರಬಹುದೆಂದು ಮಧ್ಯಂತರ ಆದೇಶ ಕೊಟ್ಟಿತು. ಆಗ ಸಹಜವಾಗಿಯೇ ಆರ್‌ಐಎಂಸಿಯ ಪ್ರಶ್ನೆಯೂ ಎದ್ದಿತು. ಮುಂದಿನ ವರ್ಷಕ್ಕೆ ನೋಡೋಣ ಎಂಬ ಧಾಟಿಯ ಮಾತನ್ನು ಒಪ್ಪದ ನ್ಯಾಯಾಲಯ, ಆ ಡಿಸೆಂಬರ್‌ನ ಪರೀಕ್ಷೆಗೇ ಹುಡುಗಿಯರನ್ನು ಕೂರಿಸಿ ಎಂದಿತು. 2022ರ ಮಾರ್ಚ್‌ನಲ್ಲಿ ಶಾಲೆಗೆ ನೂರು ತುಂಬಿತು. ಅದೇ ಜುಲೈನಲ್ಲಿ ಐವರು ಹುಡುಗಿಯರು ಒಳಬಂದರು.

ಸರ್ಕಾರ ಕೋರ್ಟಿಗೆ ಕೊಟ್ಟ ಯೋಜನೆಯ ಲೆಕ್ಕವೂ ಹಳೆಯ ಲೆಕ್ಕದಂತೆಯೇ. ಅರ್ಧ ವರ್ಷಕ್ಕೆ ಐವರು, ಹತ್ತು ಅರ್ಧವರ್ಷಗಳಿಗೆ 50, ಶಾಲೆಯ ಬಲ 250ರಿಂದ 300ಕ್ಕೆ. ಎರಡನೆಯ ಹಂತದಲ್ಲಿ ಐದು ಹತ್ತಾಗಿ, ಒಟ್ಟು 350. ಹುಡುಗರ ಒಂದು ಸೀಟೂ ಕಡಿಮೆಯಾಗದಂತೆ ಹೆಣೆದ ಲೆಕ್ಕವಿದು. ಸಮಾನತೆ ಎನ್ನುವುದಕ್ಕಿಂತ ಸೇರ್ಪಡೆ ಎನ್ನುವುದು ಸರಿ. 1918ರ ಸ್ಯಾಂಡ್‌ಹರ್ಸ್ಟ್‌ನ ಹತ್ತು ಸೀಟುಗಳನ್ನು ಬಲ್ಲವರಿಗೆ ಈ ಬಗೆಯ ಅಳೆದು ಸುರಿಯುವ ಔದಾರ್ಯ ಹೊಸದೇನಲ್ಲ. ಆ ಹತ್ತು ಹತ್ತಾಗಿಯೇ ಉಳಿಯಲಿಲ್ಲ ಎಂಬುದೂ ಅಷ್ಟೇ ನಿಜ. ಎನ್‌ಡಿಎಯಿಂದ 17 ಯುವತಿಯರ ಮೊದಲ ತಂಡ 2025ರ ಮೇ 30ರಂದು ತೇರ್ಗಡೆಯಾಗಿ ಹೊರಬಂತು. ಡೆಹ್ರಾಡೂನಿನಲ್ಲಿ ಎಂಟನೇ ತರಗತಿಗೆ ಸೇರಿದ ಆ ಐವರು ಐದು ವರ್ಷದ ಲೆಕ್ಕದಂತೆ 2027ರಲ್ಲಿ ಹನ್ನೆರಡನ್ನು ಮುಗಿಸುತ್ತಾರೆ.